ಇಳಿಜಾರಿನ ಮನೆಯನ್ನು ಭೂಪಟದ ಮೇಲೆ ಕೂರಿಸಿದ್ದು: ಐಎಫ್‌ಸಿ ರಫ್ತಿನ ನನ್ನ ಅನುಭವ

ಮಡಿಕೇರಿ ಸಮೀಪದ ಕಾಫಿ ತೋಟವೊಂದರಲ್ಲಿ, ಐನ್‌ಮನೆಯ (ಕೊಡವ ಕುಟುಂಬದ ಪೂರ್ವಜರ ಮನೆ) ಕೆಳಗಿನ ಇಳಿಜಾರಿನಲ್ಲಿ ಅತಿಥಿಗೃಹವನ್ನು ವಿನ್ಯಾಸಗೊಳಿಸುವಾಗ, ರೆವಿಟ್ ಎಂಬ ಕಟ್ಟಡ ವಿನ್ಯಾಸ ತಂತ್ರಾಂಶದ ಮಾದರಿಯನ್ನು ಡ್ರೋನ್ ಸರ್ವೆಯ ಕಾಂಟೂರ್ (ಸಮಾನ ಎತ್ತರದ ಗೆರೆಗಳ) ನಕ್ಷೆಯ ಮೇಲೆ ಅದರ ನಿಜವಾದ ಜಾಗದಲ್ಲೇ ಕೂರಿಸಿ ಕೊಡಬೇಕೆಂದು ಎಂಜಿನಿಯರರು ಕೇಳಿದರು. ಅದಕ್ಕೆ ನಾನು ಬಳಸಿದ್ದು ಐಎಫ್‌ಸಿ, ಅಂದರೆ ಬೇರೆ ಬೇರೆ ತಂತ್ರಾಂಶಗಳು ಓದಬಲ್ಲ ಕಟ್ಟಡ ಮಾದರಿಯ ಕಡತ ರೂಪ. 2018ರ ಆಗಸ್ಟ್‌ನ ಭೂಕುಸಿತಗಳನ್ನು ಕಂಡ ಜಿಲ್ಲೆಯಲ್ಲಿ, ಬರೆ (ಇಳಿಜಾರಿನ ಮಣ್ಣಿನ ದಿಬ್ಬ) ಎಷ್ಟು ಕಡಿಯಬೇಕು, ಮಳೆನೀರು ಯಾವ ಕಡೆಯಿಂದ ಹರಿದು ಬರುತ್ತದೆ ಎಂಬುದನ್ನು ಕಟ್ಟಡದ ಜೊತೆಗಿಟ್ಟು ನೋಡಬೇಕೆನ್ನುವುದು ನ್ಯಾಯವಾದ ಬೇಡಿಕೆಯೇ.

ನೆರಳಿನ ಮರಗಳ ಕೆಳಗೆ ಉಪಗ್ರಹದ ಸಂಕೇತ ಸರಿಯಾಗಿ ಸಿಗುವುದಿಲ್ಲ. ಆದ್ದರಿಂದ ಆಕಾಶ ತೆರೆದಿರುವ ಕಾಫಿ ಕಣದ ಎರಡು ಮೂಲೆಗಳನ್ನು ಜಿಎನ್‌ಎಸ್‌ಎಸ್ (ಉಪಗ್ರಹಗಳಿಂದ ಸ್ಥಾನ ಗುರುತಿಸುವ) ಉಪಕರಣದಿಂದ ಅಳೆದು, ಅಲ್ಲಿಂದ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಸರ್ವೆ ಉಪಕರಣ) ಮೂಲಕ ಮನೆಯ ಮೂಲೆಗೆ ಅಳತೆಯನ್ನು ಒಯ್ದೆವು. ಭೂಮಿಯನ್ನು ವಲಯಗಳಾಗಿ ವಿಂಗಡಿಸಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43ನೇ ಉತ್ತರ ವಲಯದಲ್ಲಿ ಕೊಡಗು ಇರುವುದರಿಂದ, ಆ ವಲಯವನ್ನು ಸೂಚಿಸುವ ಇಪಿಎಸ್‌ಜಿ 32643 ಸಂಕೇತವನ್ನು ಆರಿಸಿಕೊಂಡೆವು.

ಮಡಿಕೇರಿಯ ಸುತ್ತ ಈ ವಲಯದ ಈಸ್ಟಿಂಗ್ (ಪೂರ್ವ ದಿಕ್ಕಿನ ಅಂಕಿ) ಸುಮಾರು 5,80,000 ಮೀಟರ್, ನಾರ್ದಿಂಗ್ (ಉತ್ತರ ದಿಕ್ಕಿನ ಅಂಕಿ) ಸುಮಾರು 13,73,000 ಮೀಟರ್. ಇಷ್ಟು ದೊಡ್ಡ ಅಂಕಿಗಳನ್ನು ಗೋಡೆ, ಕಿಟಕಿಗಳ ರೇಖಾಗಣಿತದೊಳಗೇ ತುಂಬಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅನೇಕ ವೀಕ್ಷಕ ತಂತ್ರಾಂಶಗಳು ಚಿತ್ರವನ್ನು ಸೀಮಿತ ನಿಖರತೆಯ 32 ಬಿಟ್ ಅಂಕಿಗಳಲ್ಲಿ ಬಿಡಿಸುತ್ತವೆ. ಆ ನಾರ್ದಿಂಗ್‌ನಲ್ಲಿ ಅವು ಗುರುತಿಸಬಲ್ಲ ಅತಿ ಚಿಕ್ಕ ಅಂತರ ಹನ್ನೆರಡೂವರೆ ಸೆಂಟಿಮೀಟರ್. ಕಿಟಕಿಯ ಚೌಕಟ್ಟೇ ಅದಕ್ಕಿಂತ ತೆಳ್ಳಗಿರುವಾಗ ಮಾದರಿ ನಡುಗದೆ ಇನ್ನೇನಾದೀತು? ಹೀಗಾಗಿ ಮಾದರಿಯನ್ನು ಮೂಲಬಿಂದುವಿನ ಬಳಿಯೇ ಉಳಿಸಿ, ರೆವಿಟ್‌ನ ‘ಸ್ಪೆಸಿಫೈ ಕೋಆರ್ಡಿನೇಟ್ಸ್ ಅಟ್ ಪಾಯಿಂಟ್’ ಆಯ್ಕೆಯ ಮೂಲಕ ಮನೆಯ ಮೂಲೆಗೆ ಮಾತ್ರ ಭೂಪಟದ ಅಂಕಿಗಳನ್ನು ಕೊಟ್ಟು, ಐಎಫ್‌ಸಿ 4ಕ್ಕೆ ರಫ್ತು ಮಾಡಿದೆ. ಹಳೆಯ 2x3 ಆವೃತ್ತಿಯಲ್ಲಿ ಈ ಅಂಕಿಗಳಿಗೆ ಪ್ರತ್ಯೇಕ ಜಾಗವಿಲ್ಲ. 4ರಲ್ಲಿ ‘ಐಎಫ್‌ಸಿ ಮ್ಯಾಪ್ ಕನ್ವರ್ಷನ್’ ಎಂಬ ಒಂದೇ ಸಾಲು ಈ ಸ್ಥಾನ, ಎತ್ತರ, ಕೋನದ ಅಂಕಿಗಳನ್ನು ಹೊರುತ್ತದೆ.

ಅದೇ ಜಾಗದಲ್ಲಿ ರೆವಿಟ್ ಕೇಳುವ ‘ಟ್ರೂ ನಾರ್ತ್’ (ನಿಜವಾದ ಉತ್ತರ) ಕೋನಕ್ಕೆ ನಾನು ಗ್ರಿಡ್ ಉತ್ತರದ, ಅಂದರೆ ನಕ್ಷೆಯ ಚೌಕಜಾಲದ ಗೆರೆ ತೋರುವ ಉತ್ತರದ, ಕೋನವನ್ನು ಕೊಟ್ಟೆ. ವಲಯದ ನಡುರೇಖೆ 75 ಡಿಗ್ರಿ ರೇಖಾಂಶದಲ್ಲಿದ್ದು, ಮಡಿಕೇರಿ ಅದಕ್ಕಿಂತ ಪೂರ್ವಕ್ಕಿರುವುದರಿಂದ ಈ ಎರಡು ಉತ್ತರ ದಿಕ್ಕುಗಳ ನಡುವೆ ಸುಮಾರು 0.16 ಡಿಗ್ರಿ ವ್ಯತ್ಯಾಸವಿದೆ. ಬಿಸಿಲಿನ ಅಧ್ಯಯನಕ್ಕೆ ಅದು ಲೆಕ್ಕಕ್ಕಿಲ್ಲ, ಆದರೆ 30 ಮೀಟರ್ ಉದ್ದದ ಗೋಡೆಯ ತುದಿಯಲ್ಲಿ ಎಂಟು ಸೆಂಟಿಮೀಟರ್ ಸರಿಯುತ್ತದೆ.

ಹೆಚ್ಚು ಎಚ್ಚರ ಬೇಕಾದದ್ದು ಎತ್ತರದ ವಿಷಯದಲ್ಲಿ. ಜಿಎನ್‌ಎಸ್‌ಎಸ್ ಕೊಡುವುದು ದೀರ್ಘವೃತ್ತಜದ (ಭೂಮಿಯ ಆಕಾರಕ್ಕೆ ಲೆಕ್ಕದಲ್ಲಿ ಇಟ್ಟುಕೊಂಡ ನಯವಾದ ಮೇಲ್ಮೈ) ಮೇಲಿನ ಎತ್ತರ. ದಕ್ಷಿಣ ಭಾರತದ ಈ ಭಾಗದಲ್ಲಿ ಅದು ಸಮುದ್ರಮಟ್ಟದಿಂದ ಅಳೆದ ಎತ್ತರಕ್ಕಿಂತ 80 ಮೀಟರಿಗೂ ಮಿಕ್ಕಿ ಕೆಳಗಿರುತ್ತದೆ. ಡ್ರೋನ್ ನೆಲ ಒಂದು ಲೆಕ್ಕದಲ್ಲಿ, ಕಟ್ಟಡ ಇನ್ನೊಂದು ಲೆಕ್ಕದಲ್ಲಿ ಇದ್ದರೆ ಅತಿಥಿಗೃಹ ಮರಗಳ ಮೇಲೆ ತೇಲುತ್ತದೆ. ಎರಡನ್ನೂ ಸಮುದ್ರಮಟ್ಟಕ್ಕೆ ತಂದ ಮೇಲಷ್ಟೇ ಮುಂದುವರಿದೆ. ಈ ಜಾಗದ ಎತ್ತರ ಮತ್ತು ಪ್ರಕ್ಷೇಪ (ಬಾಗಿದ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಲೆಕ್ಕ) ಎರಡೂ ಸೇರಿ ನೆಲದ ಮೇಲಿನ 100 ಮೀಟರನ್ನು ಗ್ರಿಡ್‌ನಲ್ಲಿ ಸುಮಾರು ಐದು ಸೆಂಟಿಮೀಟರ್ ಕುಗ್ಗಿಸುತ್ತವೆ. ಕಟ್ಟಡದ ಮಟ್ಟಿಗೆ ಅದನ್ನು ಬಿಟ್ಟೆ. ಆದರೆ ಗೇಟಿನವರೆಗಿನ ರಸ್ತೆಗೆ ಈ ಕುಗ್ಗುವಿಕೆಯ ಗುಣಕವನ್ನು ಸರ್ವೆಯವರೇ ಸೇರಿಸಿ ಕೊಟ್ಟರು.

ಐಎಫ್‌ಸಿ ಕಡತ ಸರಳ ಪಠ್ಯವಾದ್ದರಿಂದ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಆ ಒಂದು ಸಾಲನ್ನು ಓದಿದೆ. ನಮ್ಮ ಉದ್ದಗೋಡೆ ಗ್ರಿಡ್ ಪೂರ್ವದಿಂದ ಉತ್ತರಕ್ಕೆ 14 ಡಿಗ್ರಿ ಹೊರಳಿರುವುದರಿಂದ ಅಲ್ಲಿ ಆ ಕೋನದ ಕೊಸೈನ್ ಮತ್ತು ಸೈನ್ ಆದ 0.9703 ಮತ್ತು 0.2419 ಇರಬೇಕು, ಎರಡನೆಯದರ ಮುಂದೆ ಋಣಚಿಹ್ನೆ ಕಂಡರೆ ಕಟ್ಟಡ 28 ಡಿಗ್ರಿ ತಪ್ಪಿ ನಿಂತಿದೆ ಎಂದರ್ಥ. ಅನಂತರ ಕಣದ ಎರಡನೆಯ ಮೂಲೆಯನ್ನು ಮಾದರಿಯಲ್ಲಿ ಹುಡುಕಿ, ಅದರ ಅಂಕಿಗಳನ್ನು ಸರ್ವೆಯ ಹಾಳೆಯೊಂದಿಗೆ ತಾಳೆ ನೋಡಿ, ಇಪಿಎಸ್‌ಜಿ ಸಂಕೇತ ಹಾಗೂ ಎತ್ತರದ ಆಧಾರವನ್ನು ಬರೆದ ಅದೇ ಹಾಳೆಯನ್ನು ಕಡತದ ಜೊತೆ ಎಂಜಿನಿಯರರಿಗೆ ಕಳುಹಿಸಿದೆ.