ಕೋಲಾರದ ಹೈಡ್ರೊಫೋನು, ಮಲ್ಪೆಯ ಸಮುದ್ರ

ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ಊರಲ್ಲಿ ಕೂತು ನೀರೊಳಗಿನ ಸದ್ದು ಹಿಡಿಯುವ ಮೈಕು, ಅಂದರೆ ಹೈಡ್ರೊಫೋನ್ ಮಾಡುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಅನುದಾನಕ್ಕೆ ಅರ್ಜಿ ಹಾಕಿದ ಕಡೆ ಮೊದಲ ಪ್ರಶ್ನೆಯೇ "ಕೋಲಾರದಲ್ಲಿ ಕಡಲೆಲ್ಲಿದೆ?" ಅಂತ. ಮೇಲಿನಿಂದ ಬರುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣ ಹಿಡಿಯಲು 1965ರಲ್ಲಿ ವಿಜ್ಞಾನಿಗಳು ನಮ್ಮ ಕೆಜಿಎಫ್ ಗಣಿಯ ಆಳಕ್ಕೆ ಇಳಿದಿದ್ದರು, ಅವರನ್ನು ಯಾರಾದರೂ ಹೀಗೆ ಕೇಳಿದ್ರಾ ಅಂದೆ. ಅರ್ಜಿ ವಾಪಸ್ ಬಂತು. ಈಗ ನಮ್ಮ ಲ್ಯಾಬಿನ ಹೈಡ್ರೊಫೋನು ಮಲ್ಪೆಯಲ್ಲಿ ರಾತ್ರಿಯಿಡೀ ಉಪ್ಪುನೀರಲ್ಲಿ ನೇತಾಡಿ, ಕೆಲಸ ಮಾಡಿ ವಾಪಸ್ ಬಂದಿದೆ. ಅದಕ್ಕೇ ಈ ಬರಹ.

ನಾನು ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ಮೇಷ್ಟ್ರು. ಪೀಜೊ ಅಂದರೆ ಒತ್ತಿದರೆ ವಿದ್ಯುತ್ ಹುಟ್ಟಿಸುವ ವಸ್ತು, ಪ್ರೀಆಂಪ್ ಅಂದರೆ ಆ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಸರ್ಕ್ಯೂಟು, ಡೆಸಿಬೆಲ್ ಅಂದರೆ ಸದ್ದಿನ ಮಟ್ಟದ ಅಳತೆ; ಹೆಚ್ಚಿನ ವಿವರ ಬಿಡುತ್ತೇನೆ. ದುಡ್ಡಿನ ವಿಚಾರ ಮೊದಲು. ಕ್ಯಾಲಿಬ್ರೇಟ್ ಮಾಡಿದ, ಅಂದರೆ ಅಳತೆ ತಾಳೆ ನೋಡಿದ ವಿದೇಶಿ ಮಾಲು ಲಕ್ಷಗಳಲ್ಲಿ. ಹವ್ಯಾಸಿಗಳು ಕೊಳ್ಳುವಂಥದ್ದಕ್ಕೂ ಸುಂಕ, ಕೊರಿಯರ್ ಸೇರಿ 20-25 ಸಾವಿರ ಆಗುತ್ತದೆ. ಕಾಲೇಜು ಕೊಟ್ಟದ್ದು 40 ಸಾವಿರದ ಹತ್ತಿರ. ಉಳಿದದ್ದು ನನ್ನ ಸಂಬಳ. ಮನೆಯಲ್ಲಿ ಆ ಲೆಕ್ಕ ಇನ್ನೂ ಪೂರ್ತಿ ಹೇಳಿಲ್ಲ.

ಎಲ್ಲರ ಹಾಗೆ ನಾನೂ ಶುರು ಮಾಡಿದ್ದು ಬಜರ್ ಒಳಗಿರುವ ಪೀಜೊ ಬಿಲ್ಲೆಯಿಂದ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ 27 ಮಿ.ಮೀ. ಹಿತ್ತಾಳೆ ಬಿಲ್ಲೆ, ಹತ್ತು ಹದಿನೈದು ರೂಪಾಯಿ. ಪಿವಿಸಿ ಕ್ಯಾಪಿನಲ್ಲಿಟ್ಟು ಅರಾಲ್ಡೈಟ್ ಅಂಟು ಸುರಿದರೆ ಆಯಿತು. ಕೆರೆಯಲ್ಲಿ ಚೆನ್ನಾಗಿಯೇ ಕೇಳಿಸಿತು. ಆದರೆ ಒತ್ತಡ ಏರಿಸಿದಾಗ, ಚದರ ಸೆಂ.ಮೀ.ಗೆ 4 ಕೆ.ಜಿ. ಹತ್ತಿರ ಹೋಗುತ್ತಲೇ ಬಿಲ್ಲೆ ಒಳಕ್ಕೆ ಕುಸಿದು ಹಾಗೇ ನಿಂತಿತು. ಅಂದರೆ 40 ಮೀಟರ್ ಆಳಕ್ಕೇ ಸುಸ್ತು. ಪೂರ್ತಿ ಅರಾಲ್ಡೈಟಿನಲ್ಲಿ ಮುಳುಗಿಸಿದರೆ ಕೇಬಲ್ ಸೇರುವ ಜಾಗದಲ್ಲಿ ಬಿರುಕು. ಇದರಲ್ಲೇ ಒಂದು ವರ್ಷದ ಮೇಲೆ ಹೋಯಿತು.

ಆಮೇಲೆ ಹಿಡಿದದ್ದು ಪೀಜೊ ಸೆರಾಮಿಕ್ಕಿನ, ಅಂದರೆ ಪಿಜಡ್‌ಟಿ ಕೊಳವೆ. ಎರಡೂ ತುದಿ ಮುಚ್ಚಿ, ಒಳಗೆ ಗಾಳಿ ಬಿಟ್ಟು, ಸುತ್ತ ಎಣ್ಣೆ, ಅದರ ಮೇಲೆ ರಬ್ಬರು. ಈ ಎಣ್ಣೆ ಧ್ವನಿಗೆ ನೀರಿನಂತೆಯೇ ಇರಬೇಕು, ಇಲ್ಲದಿದ್ದರೆ ಬಂದ ಸದ್ದಿನಲ್ಲಿ ಒಂದು ಪಾಲು ಅಂಚಿನಲ್ಲೇ ತಿರುಗಿ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಎಣ್ಣೆ ಹಾಕಿ ನೋಡಿದೆ. ಧ್ವನಿಗೆ ಅಷ್ಟೇನೂ ತೊಂದರೆ ಇರಲಿಲ್ಲ, ಆದರೆ ಮೇಲೆ ಹಾಕಿದ್ದ ಸೈಕಲ್ ಟ್ಯೂಬು ಊದಿಕೊಂಡು ಜೋಲು ಬಿತ್ತು. ಕೊನೆಗೆ ಹರಳೆಣ್ಣೆ. ಸೋನಾರ್‌ಗಳಿಗೆ ಹರಳೆಣ್ಣೆ ತುಂಬುವುದು ಹಳೆಯ ಪದ್ಧತಿಯೇ, ನಾನು ಕಂಡುಹಿಡಿದದ್ದೇನಲ್ಲ. ಸಾಂದ್ರತೆ ನೀರಿನ 0.96 ಪಟ್ಟು, ಧ್ವನಿಯ ವೇಗವೂ ನೀರಿಗೆ ಹತ್ತಿರ, ಸೆಕೆಂಡಿಗೆ 1,500 ಮೀಟರ್ ಆಸುಪಾಸು. ರಬ್ಬರನ್ನೂ ತಿನ್ನುವುದಿಲ್ಲ.

ನಮ್ಮ ಕಡೆ ರಾಗಿ ಹೊಲದ ಅಂಚಿಗೆ ಹರಳು ಹಾಕುವುದು ರೂಢಿ. ಊರಿನ ಎಣ್ಣೆಯೇ ಇರಲಿ ಅಂತ ಗಾಣದ್ದು ತಂದೆ. ಸ್ವಲ್ಪ ದಿನಕ್ಕೆ 200 ಹರ್ಟ್ಸ್‌ ಕೆಳಗಿನದ್ದೆಲ್ಲ ಮಾಯ. ಅಳೆದರೆ ಇನ್ಸುಲೇಶನ್ ಒಂದು ಲಕ್ಷ ಓಮಿಗೆ ಇಳಿದಿತ್ತು. ಕೊಳವೆಯ ಕೆಪ್ಯಾಸಿಟನ್ಸ್ 8 ನ್ಯಾನೊಫ್ಯಾರಡ್, ಇವೆರಡೂ ಸೇರಿದರೆ 200 ಹರ್ಟ್ಸ್ ಕೆಳಗಿನದ್ದೇ ಕಟ್ ಆಗುತ್ತದೆ. ಎಣ್ಣೆಯಲ್ಲಿ ತೇವ ಇತ್ತು. ಈಗ ಔಷಧಿ ಅಂಗಡಿಯ ರಿಫೈನ್ಡ್ ಎಣ್ಣೆ ತಂದು, ಬಿಸಿ ಮಾಡಿ, ಹಳೇ ಫ್ರಿಜ್ಜಿನ ಕಂಪ್ರೆಸರ್‌ನಿಂದ ಗಾಳಿ ಎಳೆದು ತುಂಬುತ್ತೇನೆ.

ಗುಳ್ಳೆ ಮಾತ್ರ ಬಹಳ ಕಾಡಿತು. ಒಂದು ಪೀಸಿನಲ್ಲಿ 3 ಕಿಲೋಹರ್ಟ್ಸ್ ಹತ್ತಿರ ಗೂನು ಬಿದ್ದ ಸೂಕ್ಷ್ಮತೆಯ ಗ್ರಾಫು. ಮಾಲೂರಿನ ನನ್ನ ವಿದ್ಯಾರ್ಥಿ ಸಿಗ್ನಲ್ ಹಿಗ್ಗಿಸುವ ಚಿಪ್ (ಆಪ್ ಆಂಪ್) ಮೇಲೆ ಅನುಮಾನಪಟ್ಟು ಇದ್ದಬದ್ದ ಟಿಎಲ್072 ಚಿಪ್ ಎಲ್ಲ ಬದಲಾಯಿಸಿದ. ಗೂನು ಅಲ್ಲೇ. ನೀರಿನಲ್ಲಿ 1 ಮಿ.ಮೀ. ತ್ರಿಜ್ಯದ ಗುಳ್ಳೆ ಮಿಡಿಯುವುದು 3 ಕಿಲೋಹರ್ಟ್ಸ್ ಚಿಲ್ಲರೆಗೆ, ಮಿನ್ನಾರ್ಟ್ ಎಂಬ ವಿಜ್ಞಾನಿ 1933ರಲ್ಲೇ ಸೂತ್ರ ಕೊಟ್ಟಿದ್ದಾನೆ. ರಬ್ಬರು ಬಿಚ್ಚಿದರೆ ಮೂಲೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಗಾತ್ರದ ಗುಳ್ಳೆ ಕೂತಿತ್ತು! ಕೊನೆಯ ಆ ಗುಳ್ಳೆಯನ್ನು ಹೇಗೆ ಹೊರಗೆ ಹಾಕುತ್ತೇನೆ ಅನ್ನುವುದನ್ನು ಬರೆಯುವುದಿಲ್ಲ. ಲ್ಯಾಬಿಗೆ ಬಂದರೆ ತೋರಿಸುತ್ತೇನೆ.

ಹೊರಗಿನ ರಬ್ಬರು ಏನು ಅಂತ ಎಲ್ಲರೂ ಕೇಳುತ್ತಾರೆ. ಹಾಲು ಕರೆಯುವ ಯಂತ್ರದಲ್ಲಿ ಕೆಚ್ಚಲ ತೊಟ್ಟಿಗೆ ಹಾಕುತ್ತಾರಲ್ಲ, ಆ ಒಳಕೊಳವೆ. ಹೈನುಗಾರಿಕೆ ಇರುವ ನಮ್ಮಂಥ ಜಿಲ್ಲೆಯಲ್ಲಿ ಅದಕ್ಕೇನು ಬರ? ನೈಟ್ರೈಲ್ ರಬ್ಬರಿನದ್ದೇ ತೆಗೆದುಕೊಳ್ಳಿ. ಯಾವ ಅಳತೆ ಅನ್ನುವುದು ನಿಮ್ಮ ಕೊಳವೆಯ ಮೇಲೆ ಹೋಗುತ್ತದೆ.

ಇನ್ನು ಒತ್ತಡ ಪರೀಕ್ಷೆ. ಸರಿಯಾದ ಪ್ರೆಶರ್ ಟ್ಯಾಂಕ್ ಕೊಳ್ಳುವ ಮಾತೇ ಇಲ್ಲ. ಟೊಮೆಟೊಗೆ ಔಷಧಿ ಹೊಡೆಯುವ ಎಚ್‌ಟಿಪಿ ಪಂಪು ಸಲೀಸಾಗಿ 20-30 ಕೆ.ಜಿ. ಒತ್ತಡ ಕೊಡುತ್ತದೆ. 20 ಕೆ.ಜಿ. ಅಂದರೆ 200 ಮೀಟರ್ ಆಳ. ನರಸಾಪುರದ ಕಡೆಯ ರೈತರೊಬ್ಬರ ಪಂಪು ದಿನಕ್ಕೆ 500 ರೂಪಾಯಿ ಬಾಡಿಗೆಗೆ ಸಿಕ್ಕಿತು. ಎರಡಿಂಚಿನ ಜಿಐ ಪೈಪಿಗೆ ಎರಡೂ ಕಡೆ ಕ್ಯಾಪು ಹಾಕಿ, ಒಳಗೆ ಹೈಡ್ರೊಫೋನು ಇಟ್ಟು ನೀರು ನೂಕಿದೆವು. "ಏನ್ ಸಾರ್, ಮೀನಿಗೆ ಫೋನ್ ಮಾಡ್ತೀರಾ?" ಅಂದರು ಅವರು. ಒಂದು ಎಚ್ಚರ ಇರಲಿ. ಪೈಪಿನಲ್ಲಿ ಗಾಳಿ ಒಂದಿಷ್ಟೂ ಉಳಿಯಬಾರದು. ನೀರು ತುಂಬಿದ ಪೈಪು ಸೋರುತ್ತದೆ, ಗಾಳಿ ತುಂಬಿದ್ದು ಸಿಡಿಯುತ್ತದೆ. ನಮ್ಮದು ಕೇಬಲ್ ಗ್ಲ್ಯಾಂಡಿನಲ್ಲಿ (ಕೇಬಲ್ ಒಳಹೋಗುವ ಬಿರಡೆಯಲ್ಲಿ) ಸೋರಿ ಎಲ್ಲರ ಶರ್ಟು ಒದ್ದೆಯಾಯಿತು, ಅಷ್ಟೇ. ಗ್ಲ್ಯಾಂಡು ಸರಿಮಾಡಿ 20 ಕೆ.ಜಿ.ಯಲ್ಲಿ ಮಧ್ಯಾಹ್ನವೆಲ್ಲ ಇಟ್ಟೆವು. ಸೂಕ್ಷ್ಮತೆ ಕದಲಲಿಲ್ಲ.

ಉಪ್ಪುನೀರಿನ ಪರೀಕ್ಷೆಗೆ 200 ಲೀಟರ್ ಡ್ರಮ್ಮು, 7 ಕೆ.ಜಿ. ಕಲ್ಲುಪ್ಪು. ಲೀಟರಿಗೆ 35 ಗ್ರಾಂ, ಸಮುದ್ರ ಅಷ್ಟೇ ಉಪ್ಪು. ಹಿತ್ತಾಳೆ ಗ್ಲ್ಯಾಂಡು, ಸ್ಟೀಲ್ ಸ್ಕ್ರೂ ಜೊತೆಯಾಗಿ ಹಸಿರು ಕಕ್ಕಿದವು. ನೈಲಾನ್ ಗ್ಲ್ಯಾಂಡಿಗೆ ಬಂದೆ.

ಕ್ಯಾಲಿಬ್ರೇಶನ್‌ಗೆ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಎನ್‌ಐಒಟಿಯಲ್ಲಿ ದೊಡ್ಡ ಅಕೂಸ್ಟಿಕ್ ಟ್ಯಾಂಕ್ ಇದೆ. ನಮ್ಮ ಜೇಬಿಗೆ ಕೃಷಿ ಹೊಂಡ. 21 ಮೀಟರ್ ಚೌಕ, 3 ಮೀಟರ್ ಆಳದ್ದು. ಸದ್ದಿನ ಮೂಲವೂ ಹೈಡ್ರೊಫೋನೂ ಒಂದು ಮೀಟರ್ ಅಂತರದಲ್ಲಿ, ಒಂದೂವರೆ ಮೀಟರ್ ಆಳದಲ್ಲಿ. ನೇರ ಸದ್ದು 0.67 ಮಿಲಿಸೆಕೆಂಡಿಗೆ ಬಂದರೆ, ಮೇಲ್ಮೈಗೂ ತಳಕ್ಕೂ ಬಡಿದು ಬರುವುದು 2.1ಕ್ಕೆ. ನಡುವಿನ 1.4 ಮಿಲಿಸೆಕೆಂಡಿನಲ್ಲಿ ಬಂದಷ್ಟೇ ನಮ್ಮದು, ಆಮೇಲೆ ಪ್ರತಿಧ್ವನಿ ಬೆರೆಯುತ್ತದೆ. 10 ಕಿಲೋಹರ್ಟ್ಸ್ ಆದರೆ 14 ಅಲೆ ಸಿಗುತ್ತದೆ, 1 ಕಿಲೋಹರ್ಟ್ಸ್ ಆದರೆ 1.4 ಅಲೆ. ಅದಕ್ಕಿಂತ ಕೆಳಗಿನದ್ದಕ್ಕೆ ಸ್ಪೀಕರ್ ಮೇಲೆ ನೀರಿನ ಬಕೆಟ್ ಕೂರಿಸಿ ಅಲುಗಾಡಿಸಿದೆ. ಎರವಲು ತಂದ ಕ್ಯಾಲಿಬ್ರೇಟೆಡ್ ಹೈಡ್ರೊಫೋನಿನ ಪಕ್ಕದಲ್ಲಿಟ್ಟರೆ 20 ಕಿಲೋಹರ್ಟ್ಸ್‌ವರೆಗೆ ವ್ಯತ್ಯಾಸ 2 ಡೆಸಿಬೆಲ್ ಒಳಗೆ. ಸೂಕ್ಷ್ಮತೆ ಮೈನಸ್ 190 ಡೆಸಿಬೆಲ್ ಆಸುಪಾಸು, ಅಂದರೆ ಪಾಸ್ಕಲ್‌ಗೆ 0.3 ಮಿಲಿವೋಲ್ಟ್. ಎರವಲು ಕೊಟ್ಟವರೇ ಗ್ರಾಫು ತಿರುಗಿಸಿ ತಿರುಗಿಸಿ ನೋಡಿದರು.

ಒಂದು ಮಾತು. ಕೋಲಾರದಲ್ಲಿ ರೆಕಾರ್ಡ್ ಮಾಡುವವರು ತ್ರೀ ಫೇಸ್ ಕರೆಂಟು ಹೋಗುವ ಹೊತ್ತು ನೋಡಿಕೊಳ್ಳಿ. ಸುತ್ತಮುತ್ತ ಪಂಪ್‌ಸೆಟ್ ಓಡುತ್ತಿದ್ದರೆ 50 ಹರ್ಟ್ಸ್, 100 ಹರ್ಟ್ಸ್ ಬಿಟ್ಟು ಇನ್ನೇನೂ ಕೇಳುವುದಿಲ್ಲ.

ಹೊಂಡದಲ್ಲಿದ್ದಾಗ ಮಳೆ ಬಂತು. ಸುಮ್ನೆ ರೆಕಾರ್ಡರ್ ಓಡಲಿ ಅಂತ ಬಿಟ್ಟೆ. ತುಂತುರಿನಲ್ಲಿ 15 ಕಿಲೋಹರ್ಟ್ಸ್ ಹತ್ತಿರ ಗ್ರಾಫಿನಲ್ಲಿ ಚೆಂದದ ಗುಡ್ಡ ಎದ್ದಿತು. ಸಣ್ಣ ಹನಿ ಬಿದ್ದಾಗ ನೀರಿನೊಳಗೆ ಸಿಕ್ಕಿಕೊಳ್ಳುವ ಗುಳ್ಳೆಯ ಸದ್ದು ಅದು. ಸಮುದ್ರದ ನಡುವೆ ಮಳೆಮಾಪಕ ಇಡುವುದು ಕಷ್ಟ, ಹಾಗಾಗಿ ಈ ಸದ್ದಿನಿಂದಲೇ ಮಳೆ ಅಳೆಯುವವರಿದ್ದಾರೆ. ಗಾಳಿ ಬೀಸಿದ ಕೂಡಲೇ ಗುಡ್ಡ ಕರಗಿತು. ಇದರ ಹಿಂದೆ ಬಿದ್ದು ಒಂದು ಮಳೆಗಾಲವೇ ಹೋಯಿತು. ಬೇಜಾರಿಲ್ಲ.

ಮಲ್ಪೆಗೆ ಹೋದದ್ದು ಡಿಸೆಂಬರಿನಲ್ಲಿ. ಜೂನ್-ಜುಲೈನಲ್ಲಿ ಮೀನುಗಾರಿಕೆ ನಿಷೇಧ, ದೋಣಿಗಳು ಓಡದೆ ಸದ್ದು ಕಮ್ಮಿ ನಿಜ, ಆದರೆ ಆ ಅಲೆಯಲ್ಲಿ ಹೋಗುವವರು ಯಾರು? ಎಂಜಿನ್ ಆಫ್ ಮಾಡಿ ಬಂಡೆಗಳಿರುವ ಕಡೆ ಇಳಿಬಿಟ್ಟೆವು. ಹೆಡ್‌ಫೋನಿನಲ್ಲಿ ಒಂದೇ ಸಮನೆ ಚಟಪಟ. ಕೇಬಲ್ ಲೂಸ್ ಇರಬೇಕು ಅಂತ ಮಾಲೂರಿನ ಹುಡುಗ ಎದ್ದ. ದೋಣಿಯವರು ಕಿವಿಗಿಟ್ಟುಕೊಂಡು, "ಎಂತ ಮಾರಾಯ್ರೆ, ಅಡಿಯಲ್ಲಿ ಯಾರಾದ್ರೂ ಒಗ್ಗರಣೆ ಹಾಕ್ತಿದ್ದಾರಾ?" ಅಂದರು. ಅದು ಕೊಂಡಿ ಚಿಟಿಕೆ ಹೊಡೆಯುವ ಸೀಗಡಿಗಳ ಸದ್ದು. ಸದ್ದು ಬರುವುದು ಕೊಂಡಿ ತಾಗಿದ್ದಕ್ಕಲ್ಲ, ಆ ವೇಗಕ್ಕೆ ಹುಟ್ಟಿದ ಗುಳ್ಳೆ ಕುಸಿದಾಗ ಅಂತ ವಿಜ್ಞಾನಿಗಳು 2000ದಲ್ಲಿ ತೋರಿಸಿದ್ದಾರೆ. ಕೆರೆಯಲ್ಲಿ ಕೇಳದ ಈ ಸದ್ದು ಬಂದದ್ದೇ ನನಗೆ ಸರ್ಟಿಫಿಕೇಟು. ಬೆಳಗ್ಗೆ ಎತ್ತಿದಾಗ ಒಳಗೆ ತೇವ ಇರಲಿಲ್ಲ.

ಈಗ ಒಂದು ಪೀಸಿಗೆ ಮೂರೂವರೆ ಸಾವಿರ ಬೀಳುತ್ತದೆ, ಅದರಲ್ಲಿ ಅರ್ಧ ಕೊಳವೆಗೇ. 40 ಕಿಲೋಹರ್ಟ್ಸ್ ಮೇಲೆ ಇದನ್ನು ನಂಬಬೇಡಿ, ಎಕೋ ಸೌಂಡರ್ (ಸದ್ದು ಕಳಿಸಿ ಆಳ ಅಳೆಯುವ ಯಂತ್ರ) ಮಾಡುವವರಿಗೆ ಆಗುವುದಿಲ್ಲ. ಪಂಪು ಬಾಡಿಗೆಗೆ ತರುವವರು ಟೊಮೆಟೊ ರೇಟು ನೋಡಿಕೊಂಡು ಹೋಗಿ. ಬಾಕ್ಸಿಗೆ ಒಳ್ಳೆ ರೇಟು ಇದ್ದಾಗ 500ಕ್ಕಲ್ಲ, ಸಾವಿರಕ್ಕೂ ಕೊಡುವುದಿಲ್ಲ.