ಪುಣೆಯಲ್ಲಿ ಮಾರುವವರಿಗೇ ಕಂತು ಕಟ್ಟಿ ಬಾಡಿಗೆಗೆ ಕೊಡಲು ಮನೆ ಕೊಳ್ಳುವುದು

ನಿವೃತ್ತಿಯ ನಂತರ ಧಾರವಾಡಕ್ಕೋ ವಿಜಯಪುರಕ್ಕೋ ಮರಳುವ ಹಿರಿಯರು ಪುಣೆ ಬಳಿಯ ಚಿಂಚವಡ, ನಿಗಡಿಗಳ ಫ್ಲ್ಯಾಟನ್ನು ಮಾರುವಾಗ, ಕೊಳ್ಳುವವರು ಪರಿಚಯದ ಕನ್ನಡಿಗರಾದರೆ ಮುಂಗಡ ಪಡೆದು, ಉಳಿದ ಹಣವನ್ನು ಬಡ್ಡಿಸಹಿತ ಕಂತುಗಳಲ್ಲಿ ಪಡೆಯಲು ಒಪ್ಪುವುದುಂಟು. ಬ್ಯಾಂಕಿಗೆ ಅಲೆಯುವುದು ತಪ್ಪುತ್ತದೆ, ನಿಜ. ಆದರೆ ಮನೆಯ ಒಡೆತನ ಯಾವ ದಿನ ಕೈಬದಲಾಗುತ್ತದೆ ಎಂಬುದನ್ನು ಮೊದಲು ತೀರ್ಮಾನಿಸದೆ ಮುಂಗಡ ಕೊಡಬಾರದು.

ಹಲವರು ಮಾರಾಟದ ಕರಾರು ಮಾಡಿಕೊಂಡು, ಕೀಲಿಕೈ ಪಡೆದು, ಕ್ರಯಪತ್ರವನ್ನು ಕೊನೆಯ ಕಂತಿನವರೆಗೆ ಮುಂದೂಡುತ್ತಾರೆ. ಮುದ್ರಾಂಕ ಶುಲ್ಕ ಸದ್ಯಕ್ಕೆ ಉಳಿಯಿತೆಂಬ ಅವರ ಲೆಕ್ಕ ಮಹಾರಾಷ್ಟ್ರದಲ್ಲಿ ನಡೆಯದು: ಸ್ವಾಧೀನ ಕೊಡುವ ಕರಾರನ್ನು ಇಲ್ಲಿನ ಮುದ್ರಾಂಕ ಕಾಯ್ದೆ ಕ್ರಯಪತ್ರದಂತೆಯೇ ಪರಿಗಣಿಸುವುದರಿಂದ, ಪುಣೆಯಲ್ಲಿ ಸಾಮಾನ್ಯವಾಗಿ ಶೇ 7ರಷ್ಟಿರುವ ಶುಲ್ಕವನ್ನು ಮೊದಲೇ ಕಟ್ಟಬೇಕು. ಇಷ್ಟಾದರೂ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮಿನ ಪ್ರಕಾರ ಕರಾರೊಂದರಿಂದಲೇ ಒಡೆತನ ಬರುವುದಿಲ್ಲ. ಆದ್ದರಿಂದ ಈಗಲೇ ಕ್ರಯಪತ್ರ ನೋಂದಾಯಿಸಿ, ಬಾಕಿ ಮೊತ್ತ, ಬಡ್ಡಿ, ತಪ್ಪಿದ ಕಂತಿನ ಪರಿಣಾಮಗಳನ್ನು ಅದರಲ್ಲೇ ಬರೆಸುವುದು ಲೇಸೆಂದು ನನ್ನ ಅಭಿಪ್ರಾಯ. ಬಾಕಿಗಾಗಿ ಮಾರಿದವರಿಗೆ ಆ ಆಸ್ತಿಯ ಮೇಲೆ ಹಕ್ಕನ್ನು 55ನೇ ಕಲಮೇ ಕೊಡುತ್ತದೆ.

ಮಾರುವವರ ಹಳೆಯ ಗೃಹಸಾಲ ತೀರದಿದ್ದರೆ ಮೂಲಪತ್ರಗಳು ಬ್ಯಾಂಕಿನಲ್ಲೇ ಇರುತ್ತವೆ. ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮುಂದುವರಿಯುವಂತಿಲ್ಲ. ನಮ್ಮೂರಿನಂತೆ ಇಸಿ (ಋಣಭಾರ ಪ್ರಮಾಣಪತ್ರ) ಕೇಳುವ ಬದಲು, ಇಲ್ಲಿ ವಕೀಲರಿಂದ ಸರ್ಚ್ ರಿಪೋರ್ಟ್ (ಹಳೆಯ ದಾಖಲೆಗಳ ಶೋಧ ವರದಿ) ಮಾಡಿಸಿ, ಇಂಡೆಕ್ಸ್ 2 (ನೋಂದಣಿಯ ಸಾರಾಂಶ ಪತ್ರ) ಮತ್ತು ಸೊಸೈಟಿಯ ಷೇರು ಪ್ರಮಾಣಪತ್ರವನ್ನು ನೋಡುವುದು ರೂಢಿ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಪ್ರತಿ ಕಂತಿನಲ್ಲೂ ಶೇ 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಮುರಿದುಕೊಳ್ಳುವ ಹೊಣೆ ಕೊಳ್ಳುವವರದು. ಮಾರುವವರು ಅನಿವಾಸಿ ಭಾರತೀಯರಾದರೆ ನಿಯಮ ಬೇರೆ.

ಬಾಡಿಗೆಯಿಂದಲೇ ಕಂತು ತೀರುತ್ತದೆಂದು ಭಾವಿಸುವವರು ಒಮ್ಮೆ ಕಾಗದದ ಮೇಲೆ ಕೂಡಿಸಿ ನೋಡಬೇಕು. 60 ಲಕ್ಷದ ಮನೆಗೆ 20 ಲಕ್ಷ ಮುಂಗಡ ಕೊಟ್ಟು, 40 ಲಕ್ಷವನ್ನು ಐದು ವರ್ಷಗಳಲ್ಲಿ ತೀರಿಸುವುದಾದರೆ ಅಸಲಿಗೇ ತಿಂಗಳಿಗೆ ಸುಮಾರು 66,700 ರೂಪಾಯಿ ಬೇಕು. ಬಾಡಿಗೆ 18,000 ಬಂದರೆ ಉಳಿದದ್ದು, ಬಡ್ಡಿಯೂ ಸೇರಿ, ಸಂಬಳದಿಂದಲೇ ಹೋಗಬೇಕು. ಮೇಲಾಗಿ ಬಾಡಿಗೆದಾರರೊಂದಿಗಿನ ಲೀವ್ ಆ್ಯಂಡ್ ಲೈಸೆನ್ಸ್ ಕರಾರು (ಇಲ್ಲಿ ರೂಢಿಯಲ್ಲಿರುವ ಬಾಡಿಗೆ ಕರಾರು) ಹನ್ನೊಂದು ತಿಂಗಳದ್ದಾದರೂ ಇಲ್ಲಿ ನೋಂದಣಿ ಕಡ್ಡಾಯ. ನೋಟರಿಯ ಸಹಿ ಸಾಲದು.

ಮಾರಿದವರು ವಯಸ್ಸಾದವರಾಗಿದ್ದರೆ, ಅವರ ನಂತರ ಕಂತು ಯಾರ ಖಾತೆಗೆ ಸೇರಬೇಕು, ಬಾಕಿ ತೀರಿದಾಗ ಋಣಮುಕ್ತಿ ಪತ್ರಕ್ಕೆ ಯಾವ ವಾರಸುದಾರರು ಸಹಿ ಮಾಡಬೇಕು ಎಂಬುದನ್ನು ಅವರು ಪುಣೆಯಲ್ಲಿರುವಾಗಲೇ ಬರೆಸಿಕೊಳ್ಳಿ. ಅವರ ಮುಖ್ತಿಯಾರ್ ಪತ್ರವನ್ನು (ಪವರ್ ಆಫ್ ಅಟಾರ್ನಿ) ಇದಕ್ಕಾಗಿ ನೆಚ್ಚಿಕೊಳ್ಳಬಾರದು, ಏಕೆಂದರೆ ಬರೆದುಕೊಟ್ಟವರು ತೀರಿಕೊಂಡರೆ ಅದು ಸಾಮಾನ್ಯವಾಗಿ ಅಲ್ಲಿಗೇ ರದ್ದಾಗುತ್ತದೆ.