ಕಬ್ಬಿನ ಟ್ರ್ಯಾಕ್ಟರಿಗೆ ಅಂಜುತ್ತಿದ್ದ ನಮ್ಮ ರಾಣಿ

ಮುಧೋಳ ನಾಯಿ ಅಂದರೆ ಅಂಜಿಕೆಯೇ ಇಲ್ಲದ ಬೇಟೆ ನಾಯಿ ಎಂದು ಹೊರಗಿನವರ ಎಣಿಕೆ. ಓಡುವ ಮೊಲ ಕಂಡರೆ ಬಾಣದಂತೆ ಹೋಗುವುದು ನಿಜ. ಆದರೆ ಗುರುತಿಲ್ಲದವರು ಮೈ ಮುಟ್ಟಿದರೆ ಮುದುರಿಕೊಳ್ಳುವುದೂ ಈ ಜಾತಿಯ ಗುಣವೇ. ನಮ್ಮ ರಾಣಿಗಂತೂ ಕಬ್ಬಿನ ಹಂಗಾಮೇ ದೊಡ್ಡ ಭಯ. ಎರಡೆರಡು ಟ್ರೇಲರ್ ಎಳೆಯುತ್ತ, ಹಾಡು ಒದರಿಸುತ್ತ ಟ್ರ್ಯಾಕ್ಟರ್ ಬಂತೆಂದರೆ ಹೊಟ್ಟಿನ ಮನೆ ಸೇರಿ ನಡುಗುತ್ತಿತ್ತು.

"ರಸ್ತೆ ಬಾಜೂಕ ಕಟ್ಟಿ ಬಿಡ್ರಿ, ತಾನ ರೂಢಿ ಆಗ್ತೈತಿ" ಅಂದರು ಪಕ್ಕದ ಹೊಲದ ಕಾಕಾ.

"ಕಟ್ಟಿದ್ರ ಓಡಾಕ ದಾರಿನ ಇರಂಗಿಲ್ಲ, ಕಾಕಾ. ಸುಮ್ಮ ಕುಂತೈತಿ ಅಂದ್ರ ಅಂಜಿಕಿ ಹೋಗೇತಿ ಅಂತ ಅಲ್ಲ."

ನಾನು ಆ ಭಯವನ್ನು ಬಿಡಿಬಿಡಿಯಾಗಿ ತೆಗೆದುಕೊಂಡೆ. ಮೊದಲು ನಮ್ಮದೇ ಟ್ರ್ಯಾಕ್ಟರ್, ಬಂದ್ ನಿಂತದ್ದು. ಅದರ ಸುತ್ತ ಬೇಯಿಸಿದ ಕೋಳಿ ಕಾರಜದ (ಲಿವರ್) ಚೂರು ಚೆಲ್ಲಿದೆ. ದಿನಾ ತಿನ್ನುವ ರೊಟ್ಟಿಗೆ ಈ ಕೆಲಸ ಆಗುವುದಿಲ್ಲ, ಬೇರೆ ಹೊತ್ತಿನಲ್ಲಿ ಸಿಗದಂಥದ್ದೇ ಬೇಕು. ಅಂಗಳದಲ್ಲಿ ಅದು ಆರಾಮಾಗಿ ಮಲಗಿದ್ದಾಗ ಎಂಜಿನ್ ಸಪ್ಪಳವನ್ನು ಮೊಬೈಲಿನಲ್ಲಿ ಕೇಳಿಯೂ ಕೇಳದಷ್ಟು ಸಣ್ಣಗೆ ಹಚ್ಚಿದೆ. ಮೊದಲು ಸಪ್ಪಳ, ಅದರ ಬೆನ್ನಿಗೇ ತುಣುಕು. ಸಪ್ಪಳ ನಿಂತರೆ ತಿನಿಸೂ ನಿಲ್ಲಬೇಕು. ಈ ಕ್ರಮ ಉಲ್ಟಾ ಆದರೆ ತಿನಿಸು ಕಂಡೊಡನೆ "ಏನೋ ಬರ್ತೈತಿ" ಎಂದು ಅಂಜುವುದನ್ನು ಕಲಿಯುತ್ತದೆ. ಹಾಡಿನ ಸದ್ದನ್ನು ಬೇರೆಯಾಗಿಯೇ ಮಾಡಿಸಿದೆ; ಎಂಜಿನ್ ಮತ್ತು ಹಾಡು ಎರಡನ್ನೂ ಕೂಡಿಸಿದ್ದು ಆಮೇಲೆ.

ರಸ್ತೆಯ ಪಾಠ ನಡೆದದ್ದು ದೂರದ ಬದುವಿನ ಮೇಲೆ. ಟ್ರ್ಯಾಕ್ಟರ್ ಕಂಡು ಕಿವಿ ತಿರುಗಬೇಕು, ಆದರೂ ಬಾಯಿ ತಿನ್ನುತ್ತಿರಬೇಕು: ಅದೇ ಸರಿಯಾದ ದೂರ. ಕಾರಜಕ್ಕೂ ಬಾಯಿ ಹಾಕದಿದ್ದರೆ ಸಮೀಪ ಬಂದಿದ್ದೇವೆ ಎಂದೇ ಅರ್ಥ, ಹಿಂದೆ ಸರಿಯಬೇಕು. ನಡುಕ ಶುರುವಾಗುವ ಮೊದಲೇ ನಾಯಿ ಹೇಳುತ್ತದೆ: ತುಟಿ ನೆಕ್ಕುತ್ತದೆ, ನಿದ್ದೆ ಇಲ್ಲದೆ ಆಕಳಿಸುತ್ತದೆ, ಬಾಲವನ್ನು ಹೊಟ್ಟೆಯಡಿ ಒತ್ತುತ್ತದೆ. ಬೇಟೆ ನಾಯಿ ಸಾಕಿದವರಿಗೆ ಇನ್ನೊಂದು ಮಾತು. ಇವಕ್ಕೆ ತಲೆ ಸಣ್ಣದು, ಗಾಬರಿಯಲ್ಲಿ ಹಿಂದಕ್ಕೆ ಜಗ್ಗಿದರೆ ಕೊರಳಪಟ್ಟಿ ಜಾರಿಯೇ ಹೋಗುತ್ತದೆ. ರಸ್ತೆ ಬದಿಗೆ ಎದೆಗೂ ಹೊಟ್ಟೆಗೂ ಸುತ್ತುವ ಪಟ್ಟಿಯೇ ಬೇಕು.

ಒಂದು ಸಂಜೆ ಹತ್ತಿರದಲ್ಲೇ ಟೈರ್ ಒಡೆದು, ಗಳಿಸಿದ್ದೆಲ್ಲ ಹೋದಂತಾಯಿತು. ಮತ್ತೆ ಬದುವಿಗೇ ಹೋದೆವು. ಈ ಸಲ ಬೇಗ ಚೇತರಿಸಿಕೊಂಡಿತು. ಅಂಜಿದಾಗ ಅದು ತಾನಾಗಿ ಕಾಲಿಗೆ ಒರಗಿದರೆ ಮೈ ಸವರುತ್ತೇನೆ. ಮುದ್ದು ಮಾಡಿದರೆ ಭಯ ಹೆಚ್ಚುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ಬೈದರೆ ಹೆಚ್ಚುವುದನ್ನು ಮಾತ್ರ ಕಂಡಿದ್ದೇನೆ.

ಈಗ ರಾಣಿ ಕಟ್ಟೆಯ ಮೇಲೆ ಕೂತು ಕಬ್ಬಿನ ಸಾಲು ನೋಡುತ್ತದೆ, ನಡುನಡುವೆ ನನ್ನ ಕಿಸೆಯನ್ನೂ. ದೀಪಾವಳಿಯ ಪಟಾಕಿ ಮಾತ್ರ ಬೇರೆ ಲೆಕ್ಕ. ಅದರ ಸದ್ದು ನಮ್ಮ ಹಿಡಿತದಲ್ಲಿ ಇರುವುದಿಲ್ಲವಾದ್ದರಿಂದ ಆ ದಿನಗಳಲ್ಲಿ ಪಾಠವೂ ಇಲ್ಲ. ಒಳಕೋಣೆ, ಮುಚ್ಚಿದ ಕಿಟಕಿ, ಜೋರಾಗಿ ತಿರುಗುವ ಫ್ಯಾನು, ಮತ್ತು ಪಶುವೈದ್ಯರು ತೂಕ ನೋಡಿ ಬರೆದುಕೊಟ್ಟ ಗುಳಿಗೆ. ಮನುಷ್ಯರ ನಿದ್ದೆಗುಳಿಗೆಯನ್ನು ಅಂದಾಜಿನ ಮೇಲೆ ಕೊಡುವವರನ್ನು ನೋಡಿದ್ದೇನೆ, ಅದನ್ನು ಮಾಡಬೇಡಿ.